ಮೊದಲು ಉಸಿರೋ, ಎದೆ ಒತ್ತೋದೋ? ಲೈಫ್‌ಗಾರ್ಡ್ ಪಾಠ ಬದಲಾಗುತ್ತಾ ಬಂದ ಬಗೆ

ಲೈಫ್‌ಗಾರ್ಡ್ ತರಬೇತಿಗೆ ಸೇರಿದವರಿಗೆ ಶುರುವಿನಲ್ಲೇ ಒಂದು ಗೊಂದಲ. ಯಾರಾದರೂ ದಿಢೀರ್ ಕುಸಿದು ಬಿದ್ದರೆ ಎದೆ ಒತ್ತಿದರೆ ಸಾಕು, ಬಾಯಿಗೆ ಬಾಯಿ ಇಡದಿದ್ದರೂ ಪರವಾಗಿಲ್ಲ ಅಂತ ಎಲ್ಲೋ ಓದಿರುತ್ತಾರೆ. ಇಲ್ಲಿ ಬಂದರೆ ಮೊದಲು ಉಸಿರು ಕೊಡಿ ಅನ್ನುತ್ತಾರೆ. ಇನ್ನು ಕೊಳದ ಸುತ್ತ ಸೇರುವ ಜನ ಕೂಗಿ ಹೇಳೋದೇ ಬೇರೆ: ಹೊಟ್ಟೆ ಅಮುಕಿ, ನೀರು ಹೊರಗೆ ಬರಲಿ! ಈ ಮೂರು ಮಾತು ಮೂರು ಬೇರೆ ಬೇರೆ ಕಾಲದಿಂದ ಬಂದಿವೆ. ಹೊಸದು ಬಂದಾಗ ಹಳೆಯದನ್ನು ಅಳಿಸುವ ಕೆಲಸವನ್ನು ಯಾರೂ ಸರಿಯಾಗಿ ಮಾಡಲಿಲ್ಲ.

ಮುಳುಗಿದವರನ್ನು ಬದುಕಿಸಲೆಂದೇ ಆಮ್‌ಸ್ಟರ್‌ಡ್ಯಾಮ್‌ನಲ್ಲಿ 1767ರಲ್ಲಿ ಒಂದು ಸಂಘ ಹುಟ್ಟಿತು. 1774ರಲ್ಲಿ ಲಂಡನ್‌ನಲ್ಲಿ ಇನ್ನೊಂದು. ಮೈ ಬೆಚ್ಚಗೆ ಮಾಡಿ, ಬಾಯಿಂದ ಗಾಳಿ ಊದಿ ಅನ್ನೋದು ಆಗಲೇ ಇತ್ತು. ಜೊತೆಗೆ ಗುದದ್ವಾರದಿಂದ ತಂಬಾಕಿನ ಹೊಗೆ ಊದುವ ಚಿಕಿತ್ಸೆಯೂ ಇತ್ತು. ತಮಾಷೆ ಅಲ್ಲ, ಅದಕ್ಕೆ ಬೇಕಾದ ತಿದಿಗಳನ್ನು ಥೇಮ್ಸ್ ನದಿಯ ದಡದಲ್ಲಿ ಇಟ್ಟಿರುತ್ತಿದ್ದರು. 19ನೇ ಶತಮಾನದಲ್ಲಿ ಹೊಗೆ ಹೋಯಿತು, ಬಾಯಿಂದ ಊದುವುದೂ ಮೂಲೆಗೆ ಸೇರಿತು. ಕೈ ಎತ್ತಿ ಇಳಿಸುವ, ಬೋರಲು ಮಲಗಿಸಿ ಬೆನ್ನು ಒತ್ತುವ ವಿಧಾನಗಳು ಒಂದಾದ ಮೇಲೊಂದು ಬಂದವು. 1858ರಲ್ಲಿ ಸಿಲ್ವೆಸ್ಟರ್ ಅವರದು, 1903ರಲ್ಲಿ ಶೇಫರ್ ಅವರದು, 1932ರಲ್ಲಿ ನೀಲ್ಸನ್ ಅವರದು. ಈ ನಡುವೆ ಬ್ರಿಟನ್ನಿನಲ್ಲಿ 1891ರಿಂದ, ಆಸ್ಟ್ರೇಲಿಯಾದ ಕಡಲತೀರಗಳಲ್ಲಿ 20ನೇ ಶತಮಾನದ ಮೊದಲ ದಶಕದಿಂದ ಸಂಘಟಿತ ತರಬೇತಿ ಬೆಳೆಯಿತು. 1938ರ ಫೆಬ್ರವರಿ 6ರಂದು ಸಿಡ್ನಿಯ ಬೊಂಡೈ ತೀರದಲ್ಲಿ ದೊಡ್ಡ ಅಲೆಗಳು ಸುಮಾರು 250 ಜನರನ್ನು ಎಳೆದುಕೊಂಡವು. ಸತ್ತವರು ಐದೇ ಜನ. ತರಬೇತಾದವರು ದಡದಲ್ಲಿ ಇದ್ದರೆ ಏನಾಗುತ್ತದೆ ಅನ್ನೋದಕ್ಕೆ ಇಂದಿಗೂ ಅದನ್ನೇ ತೋರಿಸುತ್ತಾರೆ.

ನಿಜವಾದ ತಿರುವು ಬಂದದ್ದು 1950ರ ದಶಕದಲ್ಲಿ. ನಾವು ಹೊರಬಿಡುವ ಉಸಿರಿನಲ್ಲೂ ಶೇಕಡ 16ರಷ್ಟು ಆಮ್ಲಜನಕ ಉಳಿದಿರುತ್ತದೆ, ಇನ್ನೊಬ್ಬರಿಗೆ ಅದು ಸಾಲುತ್ತದೆ ಎಂದು ಅಮೆರಿಕದ ವೈದ್ಯ ಜೇಮ್ಸ್ ಇಲಾಮ್ ತೋರಿಸಿದರು. ಇನ್ನೊಬ್ಬ ವೈದ್ಯ ಪೀಟರ್ ಸಫಾರ್ ಇನ್ನೂ ಮುಂದೆ ಹೋದರು. ಸ್ವಯಂಸೇವಕರಿಗೆ ಔಷಧಿ ಕೊಟ್ಟು, ಅವರು ತಾವಾಗಿ ಉಸಿರಾಡದಂತೆ ಮಾಡಿ, ಬೇರೆಯವರಿಂದ ಉಸಿರು ಊದಿಸಿದರು. ಬೆನ್ನು ಒತ್ತುವ ಹಳೇ ವಿಧಾನದಲ್ಲಿ ಎಷ್ಟೋ ಸಲ ಗಾಳಿ ಒಳಗೇ ಹೋಗುತ್ತಿರಲಿಲ್ಲ, ಯಾಕೆಂದರೆ ನಾಲಿಗೆ ಹಿಂದಕ್ಕೆ ಜಾರಿ ಗಂಟಲು ಮುಚ್ಚುತ್ತಿತ್ತು. ತಲೆ ಹಿಂದಕ್ಕೆ ಬಾಗಿಸಿ ಗದ್ದ ಎತ್ತಿದರೆ ದಾರಿ ತೆರೆಯುತ್ತಿತ್ತು. ಅಷ್ಟು ದಶಕ ಕಲಿಸಿದ ಕವಾಯತು ಒಂದೇ ಏಟಿಗೆ ಹಳತಾಯಿತು. 1960ರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ತಂಡ ಎದೆ ಒತ್ತುವ ವಿಧಾನ ಪ್ರಕಟಿಸಿತು. ಉಸಿರು ಊದುವುದು, ಎದೆ ಒತ್ತುವುದು ಎರಡೂ ಸೇರಿ ಸಿಪಿಆರ್ ಆಯಿತು. ಅಭ್ಯಾಸಕ್ಕೆ ನಾರ್ವೆಯ ಆಟಿಕೆ ತಯಾರಕ ಲಾರ್ಡಾಲ್ ಅದೇ ಹೊತ್ತಿಗೆ 'ಆನ್' ಎಂಬ ಗೊಂಬೆ ಮಾಡಿದರು. ಆ ಗೊಂಬೆಯ ಮುಖ ಪ್ಯಾರಿಸ್‌ನ ಸೀನ್ ನದಿಯಲ್ಲಿ ಮುಳುಗಿದ ಹುಡುಗಿಯೊಬ್ಬಳದು ಅನ್ನೋ ಕತೆ ಇದೆ.

ಗೊಂದಲ ಶುರುವಾದದ್ದು ಆಮೇಲೆ. 1974ರಲ್ಲಿ ಗಂಟಲಲ್ಲಿ ಆಹಾರ ಸಿಕ್ಕಿಕೊಂಡವರಿಗೆ ಹೊಟ್ಟೆ ಒತ್ತುವ ವಿಧಾನ ಬಂತು. ಅದರ ಯಶಸ್ಸು ನೋಡಿ, ನೀರಲ್ಲಿ ಮುಳುಗಿದವರಿಗೂ ಇದನ್ನೇ ಮಾಡಬಾರದೇಕೆ ಎಂಬ ವಾದ ಎದ್ದಿತು. ಕೆಲವೆಡೆ ಲೈಫ್‌ಗಾರ್ಡ್‌ಗಳಿಗೆ ಕಲಿಸಿದ್ದೂ ಉಂಟು. ಆದರೆ ಶ್ವಾಸಕೋಶಕ್ಕೆ ಇಳಿಯುವ ನೀರು ಸಾಮಾನ್ಯವಾಗಿ ಸ್ವಲ್ಪವೇ, ಅದೂ ಬೇಗ ರಕ್ತಕ್ಕೆ ಸೇರುತ್ತದೆ. ಹೊಟ್ಟೆ ಒತ್ತಿದರೆ ಹೊರಗೆ ಬರೋದು ಹೊಟ್ಟೆಯಲ್ಲಿದ್ದದ್ದು. ಅದು ಶ್ವಾಸಕೋಶಕ್ಕೆ ನುಗ್ಗಿದರೆ ಇನ್ನೂ ಅಪಾಯ, ಅಲ್ವಾ? ಮಾರ್ಗಸೂಚಿಗಳು ಇದನ್ನು ಬೇಡವೆಂದು ತಳ್ಳಿಹಾಕಿ ಎಷ್ಟೋ ವರ್ಷವಾಯಿತು. ದಡದಲ್ಲಿ ನಿಂತವರ ಬಾಯಲ್ಲಿ ಮಾತ್ರ ಅದು ಉಳಿದಿದೆ.

2008ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್, ಜನಸಾಮಾನ್ಯರು ಬರೀ ಎದೆ ಒತ್ತಿದರೂ ಸಾಕು ಎಂದಿತು. 2010ರಲ್ಲಿ ಸಿಪಿಆರ್ ಕ್ರಮವನ್ನೇ ತಿರುಗಿಸಿ ಎದೆ ಒತ್ತುವುದನ್ನು ಮುಂದಕ್ಕೆ ತಂದಿತು. ಹೃದಯ ದಿಢೀರ್ ನಿಂತವರ ಮಟ್ಟಿಗೆ ಇದು ಸರಿ. ಅವರ ರಕ್ತದಲ್ಲಿ ಆಮ್ಲಜನಕ ಇನ್ನೂ ಇರುತ್ತದೆ, ಅದನ್ನು ಮೆದುಳಿಗೆ ತಲುಪಿಸಿದರೆ ಆಯಿತು. ಮುಳುಗಿದವರದು ಉಲ್ಟಾ. ಆಮ್ಲಜನಕ ಮುಗಿದ ಮೇಲೆ ಹೃದಯ ನಿಲ್ಲುತ್ತದೆ. ಖಾಲಿ ರಕ್ತವನ್ನು ಸುಮ್ನೆ ಸುತ್ತಿಸಿ ಏನು ಪ್ರಯೋಜನ? ಹಾಗಾಗಿ ಇವರಿಗೆ ಉಸಿರೇ ಮೊದಲು. ಯುರೋಪಿನ ಮಾರ್ಗಸೂಚಿಯಲ್ಲಿ ಐದು ಉಸಿರು, ಅಮೆರಿಕದ್ದರಲ್ಲಿ ಎರಡು. ಬಾಯಲ್ಲಿ ನೊರೆ ಬರುತ್ತಿದ್ದರೂ ಒರೆಸುತ್ತಾ ಕೂರಬಾರದು, ಊದುತ್ತಲೇ ಇರಬೇಕು. 2010ರ ಹೊಸ ಕ್ರಮದಲ್ಲೂ ಮುಳುಗಿದವರಿಗೆ ವಿನಾಯಿತಿ ಇತ್ತು. ಪೋಸ್ಟರುಗಳಲ್ಲಿ ಆ ವಿನಾಯಿತಿಗೆ ಜಾಗ ಸಿಗಲಿಲ್ಲ.

ಇಷ್ಟೆಲ್ಲ ಚರ್ಚೆ ನೀರಿಂದ ಎತ್ತಿದ ಮೇಲಿನದು. ಎತ್ತುವ ಮುಂಚಿನದಕ್ಕೆ ಜಾಸ್ತಿ ಗಮನ ಕೊಟ್ಟವರು ನ್ಯೂಯಾರ್ಕಿನ ಲೈಫ್‌ಗಾರ್ಡ್ ಫ್ರಾಂಕ್ ಪಿಯಾ. ಆರ್ಚರ್ಡ್ ಬೀಚ್‌ನಲ್ಲಿ ನಿಜವಾಗಿ ಮುಳುಗುತ್ತಿದ್ದವರನ್ನು, ಅವರನ್ನು ಕಾಪಾಡುವುದನ್ನು ಕ್ಯಾಮೆರಾದಲ್ಲಿ ಹಿಡಿದು ನೋಡಿದರು. ಮುಳುಗುವವರು ಕೂಗುವುದಿಲ್ಲ. ಕೈ ಬೀಸುವುದೂ ಇಲ್ಲ. ತೋಳುಗಳನ್ನು ಪಕ್ಕಕ್ಕೆ ಚಾಚಿ ನೀರನ್ನು ಕೆಳಕ್ಕೆ ಅದುಮುತ್ತಾರೆ. ಬಾಯಿ ನೀರಿನ ಮೇಲೆ ಕೆಳಗೆ ಆಡುತ್ತದೆ. ಮೈ ನೆಟ್ಟಗಿರುತ್ತದೆ, ಕಾಲು ಬಡಿಯುವುದಿಲ್ಲ. ಇದೆಲ್ಲ 20ರಿಂದ 60 ಸೆಕೆಂಡು, ಅಷ್ಟೇ. ದೂರದಿಂದ ನೋಡಿದರೆ ಆಟ ಆಡುತ್ತಿದ್ದಾರೆ ಅನಿಸುತ್ತದೆ. ಲೈಫ್‌ಗಾರ್ಡ್ ಇದ್ದ ಕಡೆಯೂ ಜನ ಯಾಕೆ ಸಾಯುತ್ತಾರೆ ಎಂಬುದಕ್ಕೆ 1980ರ ದಶಕದಲ್ಲಿ ಅವರು ಮೂರು ಕಾರಣ ಕೊಟ್ಟರು: ಗುರುತು ಹಿಡಿಯಲಾಗದ್ದು, ಬೇರೆ ಕೆಲಸ ಹಚ್ಚಿದ್ದು, ಗಮನ ತಪ್ಪಿದ್ದು.

ಎರಡನೆಯ ಕಾರಣ ಓದಿದಾಗ ಯಾಕೋ ತರಬೇತಿಯ ಮಾತೇ ಹಿಂದೆ ಸರಿಯುತ್ತದೆ. ಕೊಳದ ಪಕ್ಕ ನೆಲ ಒರೆಸುತ್ತಾ, ಟಿಕೆಟ್ ನೋಡುತ್ತಾ, ಕ್ಲೋರಿನ್ ಅಳೆಯುತ್ತಾ ನೀರು ಕಾಯಬೇಕಾದವರಿಗೆ ಎಷ್ಟು ಒಳ್ಳೆ ಕೋರ್ಸು ಕೊಟ್ಟರೂ ಕಣ್ಣು ಎರಡೇ. 10 ಸೆಕೆಂಡಲ್ಲಿ ಕಾಣಬೇಕು, ಮುಂದಿನ 20 ಸೆಕೆಂಡಲ್ಲಿ ತಲುಪಬೇಕು ಅನ್ನೋ ಅಳತೆ ಈಗ ಹಲವು ಕಡೆ ಬಳಕೆಯಲ್ಲಿದೆ. ಇದನ್ನು ಪರೀಕ್ಷಿಸಲು ಹೇಳದೆ ಕೇಳದೆ ಒಂದು ಗೊಂಬೆಯನ್ನು ನೀರಿಗೆ ಇಳಿಸುತ್ತಾರೆ. ಬಿಸಿಲು ನೀರ ಮೇಲೆ ಹೊಳೆಯುವ ಮಧ್ಯಾಹ್ನ, ಕೊಳ ತುಂಬಾ ಮಕ್ಕಳಿರುವಾಗ ಇಳಿಸಬೇಕು. ಬೆಳಗ್ಗೆ ಖಾಲಿ ಕೊಳದಲ್ಲಿ ಇಳಿಸಿ ಪಾಸು ಅಂತ ಬರೆದುಕೊಳ್ಳುವ ಕಡೆಗಳೂ ಇವೆ.