ನಿಯಾಂಡರ್ತಾಲ್ ಮನುಷ್ಯರನ್ನು ನಮ್ಮ ಪೂರ್ವಜರೇ ಕೊಂದು ಮುಗಿಸಿದರಾ?

ಓದುಗರ ಪ್ರಶ್ನೆ: ನಿಯಾಂಡರ್ತಾಲರು ಲಕ್ಷಾಂತರ ವರ್ಷ ಯುರೋಪಿನಲ್ಲಿ ಬದುಕಿದ್ದರಂತೆ. ನಮ್ಮವರು ಅಲ್ಲಿಗೆ ಕಾಲಿಟ್ಟ ಕೆಲವು ಸಾವಿರ ವರ್ಷಗಳಲ್ಲೇ ಇಲ್ಲವಾದರಂತೆ. ಹಾಗಿದ್ದರೆ ನಾವೇ ಅವರನ್ನು ಕೊಂದೆವು ಅಂತ ತಾನೇ?

ನಿಯಾಂಡರ್ತಾಲರು ಅಂದರೆ ನಮಗೆ ತೀರಾ ಹತ್ತಿರದ, ಈಗ ಅಳಿದುಹೋಗಿರುವ ಇನ್ನೊಂದು ಮಾನವ ಕುಲ. ‘ನಮ್ಮವರು’ ಅಂದರೆ ಆಧುನಿಕ ಮಾನವರು. ಕಾಲದ ಲೆಕ್ಕ ನೋಡಿದರೆ ನಿಮಗೆ ಹಾಗನ್ನಿಸುವುದು ಸಹಜ. 2014ರಲ್ಲಿ ಪುರಾತನ ವಸ್ತುಗಳ ಕಾಲ ಅಳೆಯುವ ತಜ್ಞ ಟಾಮ್ ಹೈಯಮ್ ಅವರ ತಂಡ ಯುರೋಪಿನ ಹತ್ತಾರು ನೆಲೆಗಳ ಮೂಳೆ, ಇದ್ದಿಲುಗಳ ವಯಸ್ಸನ್ನು ಹೊಸದಾಗಿ ಅಳೆಯಿತು. ಸುಮಾರು 40 ಸಾವಿರ ವರ್ಷಗಳ ಹಿಂದೆ ನಿಯಾಂಡರ್ತಾಲರ ಕುರುಹು ನಿಂತೇ ಹೋಗುತ್ತದೆ. ಆದರೆ ಅದಕ್ಕೆ ಮೊದಲು ಎರಡೂ ಗುಂಪುಗಳು ಯುರೋಪಿನಲ್ಲಿ 2,600ರಿಂದ 5,400 ವರ್ಷ ಒಂದೇ ಕಾಲದಲ್ಲಿ ಬದುಕಿದ್ದವು ಎಂದೂ ಆ ತಂಡ ಲೆಕ್ಕ ಹಾಕಿತು. ಅಂದರೆ ಕಡಿಮೆಯೆಂದರೂ ನೂರು ತಲೆಮಾರು. ದಂಡೆತ್ತಿ ಹೋಗಿ ಮುಗಿಸಿದ್ದರೆ ಇಷ್ಟು ಕಾಲ ಹಿಡಿಯುತ್ತಿರಲಿಲ್ಲ.

ಜಗಳ ಆಗೇ ಇಲ್ಲ ಅಂತಲ್ಲ. ಇರಾಕಿನ ಶಾನಿದಾರ್ ಗುಹೆಯಲ್ಲಿ ಸಿಕ್ಕ ಒಬ್ಬ ನಿಯಾಂಡರ್ತಾಲನ ಪಕ್ಕೆಲುಬಿನಲ್ಲಿ ಆಯುಧ ಕೊರೆದ ಗಾಯವಿದೆ. ಅದು ನಮ್ಮವರು ಎಸೆದ ಈಟಿಯಿಂದ ಆಗಿರಬಹುದು ಅಂತ ಕೆಲವು ಸಂಶೋಧಕರ ಅಭಿಪ್ರಾಯ. ಆದರೆ ಸಾಮೂಹಿಕ ಹತ್ಯೆ ನಡೆದದ್ದಕ್ಕೆ ಸಾಕ್ಷಿ ಸಿಕ್ಕಿಲ್ಲ.

ಹಾಗಾದರೆ ದಡ್ಡರಾಗಿದ್ದಕ್ಕೆ ಅಳಿದರಾ? ನೂರು ವರ್ಷದ ಹಿಂದೆ ಹಾಗೇ ನಂಬಿದ್ದರು. 1908ರಲ್ಲಿ ಫ್ರಾನ್ಸಿನಲ್ಲಿ ಸಿಕ್ಕ ಮುದುಕನೊಬ್ಬನ ಅಸ್ಥಿಪಂಜರವನ್ನು ನೋಡಿ, ಅವರೆಲ್ಲ ಗೂನು ಬೆನ್ನಿನ, ಕಾಲೆಳೆದು ನಡೆಯುವ ಪ್ರಾಣಿಗಳು ಎಂಬ ಚಿತ್ರ ಹಬ್ಬಿತು. ಪಾಪ, ಆತನಿಗೆ ಸಂಧಿವಾತ ಇತ್ತು. ಅವರ ಮೆದುಳು ನಮ್ಮಷ್ಟೇ ದೊಡ್ಡದು.

ಅದೇ ಶಾನಿದಾರ್‌ನಲ್ಲಿ ಇನ್ನೊಬ್ಬ ಸಿಕ್ಕಿದ. ಎಡಗಣ್ಣಿನ ಬಳಿ ಭಾರೀ ಏಟು, ಬಹುಶಃ ಆ ಕಣ್ಣು ಹೋಗಿತ್ತು. ಬಲಗೈ ಒಣಗಿ, ಮೊಣಕೈ ಕೆಳಗಿನ ಭಾಗವೇ ಇಲ್ಲ. ಕಾಲು ಕುಂಟು. ಕಿವಿಯೂ ಸರಿಯಾಗಿ ಕೇಳಿಸುತ್ತಿರಲಿಲ್ಲ. ಇಷ್ಟಾದರೂ ಗಾಯಗಳೆಲ್ಲ ಮಾಗಿವೆ, ಆತ ವರ್ಷಗಟ್ಟಲೆ ಬದುಕಿ ನಲವತ್ತರ ಆಸುಪಾಸು ಮುಟ್ಟಿದ್ದಾನೆ. ಬೇಟೆಯಾಡಿ ತಿನ್ನುವ ಜನರ ನಡುವೆ ಇದು ಸುಮ್ನೆ ಆಗುವ ಮಾತಲ್ಲ. ಯಾರೋ ಅವನಿಗೆ ಊಟ ಕೊಟ್ಟಿರಬೇಕು, ಗುಂಪು ಜಾಗ ಬದಲಿಸುವಾಗ ಅವನಿಗಾಗಿ ಕಾದಿರಬೇಕು. ನಿಯಾಂಡರ್ತಾಲರ ಬಗ್ಗೆ ಒಂದೇ ಸಂಗತಿ ನೆನಪಿಟ್ಟುಕೊಳ್ಳುವುದಾದರೆ ನಾನು ಈತನನ್ನೇ ಆರಿಸುತ್ತೇನೆ.

ಫ್ರಾನ್ಸಿನ ಬ್ರೂನಿಕೆಲ್ ಗುಹೆಯನ್ನೂ ಹೇಳಲೇಬೇಕು. ಬಾಗಿಲಿನಿಂದ 300 ಮೀಟರಿಗೂ ಒಳಗೆ, ಕಗ್ಗತ್ತಲಲ್ಲಿ, ಸುಣ್ಣಕಲ್ಲಿನ ಕಂಬಗಳನ್ನು ಮುರಿದು ಸುಮಾರು 400 ತುಂಡುಗಳನ್ನು ಉಂಗುರದಂತೆ ಜೋಡಿಸಿದ್ದಾರೆ, ಬೆಂಕಿ ಉರಿಸಿದ್ದಾರೆ. ಇದು ಸುಮಾರು 1,76,000 ವರ್ಷ ಹಳೆಯದು. ಆ ಕಾಲದಲ್ಲಿ ಯುರೋಪಿನ ಆ ಭಾಗದಲ್ಲಿ ನಮ್ಮವರಿದ್ದ ಸುಳಿವು ಸಿಕ್ಕಿಲ್ಲ.

ನನ್ನ ಪ್ರಕಾರ ನಿಜವಾದ ಉತ್ತರ ಇರುವುದು ಅವರ ಸಂಖ್ಯೆಯಲ್ಲಿ. ಅವರು ಯಾವತ್ತೂ ಜಾಸ್ತಿ ಜನ ಇರಲೇ ಇಲ್ಲ. 2024ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಜೋಶುವಾ ಏಕಿ ಮತ್ತವರ ಸಂಗಡಿಗರು ಡಿಎನ್‌ಎ ಲೆಕ್ಕದಿಂದ ಹೇಳಿದ್ದು: ವಂಶ ಬೆಳೆಸುವವರ ಸಂಖ್ಯೆ ಸುಮಾರು 2,400 ಅಷ್ಟೇ. ಇದು ತಲೆ ಎಣಿಕೆಯಲ್ಲ. ಒಟ್ಟು ಜನ ಇದಕ್ಕಿಂತ ಹೆಚ್ಚಿದ್ದಿರಬೇಕು. ಆದರೂ ಸ್ಪೇನಿನಿಂದ ಸೈಬೀರಿಯಾದವರೆಗೆ ಹರಡಿದ ನೆಲಕ್ಕೆ ಇದು ತೀರಾ ಕಡಿಮೆ, ಅಲ್ವಾ?

ಸೈಬೀರಿಯಾದ ಚಾಗಿರ್‌ಸ್ಕಾಯಾ ಗುಹೆಯಲ್ಲಿ ಈ ಒಂಟಿತನ ಕಣ್ಣಿಗೇ ಕಾಣುತ್ತದೆ. 2022ರಲ್ಲಿ ಅಲ್ಲಿನ 11 ಜನರ ಡಿಎನ್‌ಎ ಓದಿದಾಗ ಒಬ್ಬ ಅಪ್ಪ, ಅವನ ಹದಿಹರೆಯದ ಮಗಳು ಸಿಕ್ಕರು. ಗುಂಪಿನ ಗಾತ್ರ ಹತ್ತರಿಂದ ಇಪ್ಪತ್ತು. ಬೇರೆ ಗುಂಪಿನಿಂದ ಹೆಂಗಸರು ಬಂದು ಸೇರುತ್ತಿದ್ದರು. ಆದರೂ ಎಲ್ಲರೂ ಹತ್ತಿರದ ರಕ್ತಸಂಬಂಧಿಗಳ ಹಾಗಿದ್ದರು. ಇಷ್ಟು ಸಣ್ಣ ಗುಂಪಿನಲ್ಲಿ ಒಂದು ಚಳಿಗಾಲ ಕೆಟ್ಟರೆ, ಇಬ್ಬರು ತಾಯಂದಿರು ಹೆರಿಗೆಯಲ್ಲಿ ಸತ್ತರೆ, ಚೇತರಿಸಿಕೊಳ್ಳುವುದು ಬಹಳ ಕಷ್ಟ. ನಮ್ಮವರು ಬಾರದೇ ಹೋಗಿದ್ದರೂ ಇಂಥ ಆಕಸ್ಮಿಕಗಳೇ ಅವರನ್ನು ಅಳಿಸಬಹುದಿತ್ತು ಎಂದು 2019ರ ಒಂದು ಕಂಪ್ಯೂಟರ್ ಅಧ್ಯಯನ ತೋರಿಸಿದೆ.

ಹವಾಮಾನವೂ ಆಗ ಪದೇ ಪದೇ ಏರುಪೇರಾಗುತ್ತಿತ್ತು. ಆದರೆ ಅದಕ್ಕೂ ಮುಂಚಿನ ಹಿಮಯುಗಗಳನ್ನು ಅವರು ತಾಳಿಕೊಂಡಿದ್ದರು. ಹಾಗಾಗಿ ಚಳಿಯೊಂದನ್ನೇ ದೂರುವುದು ನನಗೆ ಸರಿ ಕಾಣುವುದಿಲ್ಲ.

ಕಡಿಮೆ ಸಂಖ್ಯೆಯೇ ಕಾರಣ ಎಂಬ ಮಾತನ್ನು ಬಲಪಡಿಸುವ ಸಂಗತಿ ನಮ್ಮವರ ಕಡೆಯಿಂದಲೇ ಬಂದಿದೆ. ಜರ್ಮನಿಯ ರಾನಿಸ್ ಗುಹೆಯಲ್ಲಿ ಸುಮಾರು 45 ಸಾವಿರ ವರ್ಷಗಳ ಹಿಂದೆ ಆಧುನಿಕ ಮಾನವರಿದ್ದರು. ಅವರ ಡಿಎನ್‌ಎ ಓದಿದರೆ, ಇವತ್ತಿನ ಯಾರಲ್ಲೂ ಅವರ ವಂಶ ಉಳಿದಿಲ್ಲ. ಅಂದರೆ ನಮ್ಮವರೂ ಅಳಿದರು! ವ್ಯತ್ಯಾಸ ಇಷ್ಟೇ: ನಮ್ಮ ಒಂದು ಗುಂಪು ನಶಿಸಿದರೆ ಹಿಂದೆ ಇನ್ನೊಂದು ಬರುತ್ತಿತ್ತು. ನಿಯಾಂಡರ್ತಾಲರ ಹಿಂದೆ ಬರುವವರು ಯಾರೂ ಇರಲಿಲ್ಲ. ಬೇಟೆ, ನೆಲೆ ಎಲ್ಲಕ್ಕೂ ಪೈಪೋಟಿ ಶುರುವಾದಾಗ, ಕಡಿಮೆ ಇದ್ದವರು ಮೂಲೆಗೆ ಸರಿದರು. ಹಾಗಾಗಿ ನಮ್ಮ ಪಾಲು ಇದೆ, ಆದರೆ ಅದನ್ನು ಕೊಲೆ ಅಂತ ಕರೆಯಲು ಆಗುವುದಿಲ್ಲ.

ಇನ್ನು, ಇಬ್ಬರೂ ಕೂಡಿ ಮಕ್ಕಳನ್ನೂ ಪಡೆದರು. 2010ರಲ್ಲಿ ತಳಿವಿಜ್ಞಾನಿ ಸ್ವಾಂಟೆ ಪಾಬೊ ತಂಡ ನಿಯಾಂಡರ್ತಾಲ್ ಜೀನೋಮ್ (ಅಂದರೆ ಇಡೀ ಡಿಎನ್‌ಎ) ಪ್ರಕಟಿಸಿದಾಗ ಇದು ಖಚಿತವಾಯಿತು. ಪಾಬೊ ಅವರಿಗೆ 2022ರ ನೊಬೆಲ್ ಬಂತು. ಆಫ್ರಿಕಾದ ಹೊರಗಿನ ಬಹುತೇಕ ಎಲ್ಲರ ಡಿಎನ್‌ಎಯಲ್ಲಿ ಸುಮಾರು 1ರಿಂದ 2 ಪ್ರತಿಶತ ನಿಯಾಂಡರ್ತಾಲರದು. ಇದನ್ನು ಓದುತ್ತಿರುವ ನಿಮ್ಮಲ್ಲೂ ಇರುತ್ತದೆ. ಕೋವಿಡ್ ತೀವ್ರವಾಗುವ ಅಪಾಯ ಹೆಚ್ಚಿಸುವ, 3ನೇ ಕ್ರೋಮೋಸೋಮಿನ ಒಂದು ತುಣುಕು ಅವರಿಂದಲೇ ಬಂದದ್ದು ಎಂದು 2020ರಲ್ಲಿ ಗೊತ್ತಾಯಿತು. ಯುರೋಪಿನಲ್ಲಿ ನೂರಕ್ಕೆ 16 ಜನರಲ್ಲಿ ಅದಿದ್ದರೆ, ದಕ್ಷಿಣ ಏಷ್ಯಾದಲ್ಲಿ ಸುಮಾರು ಅರ್ಧದಷ್ಟು ಜನರಲ್ಲಿದೆ. ಒಬ್ಬೊಬ್ಬರಲ್ಲಿ ಇರುವುದು ಬೇರೆ ಬೇರೆ ತುಣುಕುಗಳು, ಅದೂ ಸ್ವಲ್ಪವೇ. ಆದರೆ ಸುಮಾರು 2,700 ಭಾರತೀಯರ ಡಿಎನ್‌ಎಯಿಂದ ಇಂಥ ತುಣುಕುಗಳನ್ನು ಹೆಕ್ಕಿ ಕೂಡಿಸಿದಾಗ ನಿಯಾಂಡರ್ತಾಲ್ ಜೀನೋಮಿನ ಹತ್ತಿರ ಹತ್ತಿರ ಅರ್ಧ ಭಾಗವೇ ಸಿಕ್ಕಿದೆ.