ಹೂತ ಗಾಡಿ ಜೋರಾಗಿ ರೇಸ್ ಮಾಡಿದರೆ ಮೇಲೆ ಬರುತ್ತದೆಯೇ?

"ಫೋರ್ ಬೈ ಫೋರ್ ಗಾಡಿ, ಆದರೂ ಮರಳಲ್ಲಿ ಸಿಕ್ಕಿಕೊಂಡಿತು. ಇನ್ನೂ ಸ್ವಲ್ಪ ರೇಸ್ ಮಾಡಿದ್ದರೆ ಬರ್ತಿತ್ತಾ?"

ಬರುತ್ತಿರಲಿಲ್ಲ. ಇನ್ನೂ ಆಳಕ್ಕೆ ಹೋಗುತ್ತಿತ್ತು. ಇದೇ ಉತ್ತರವನ್ನು ಎಷ್ಟು ಸಲ ಬರೆದಿದ್ದೇನೋ ಲೆಕ್ಕ ಇಟ್ಟಿಲ್ಲ. ಆದರೂ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ, ಹಾಗಾಗಿ ಈ ಸಲ ಬುಡದಿಂದಲೇ ಹೇಳುತ್ತೇನೆ.

ಈ ನಂಬಿಕೆ ಹುಟ್ಟಿದ್ದು ಅರ್ಧ ಸತ್ಯದಿಂದ. ಕೆಸರಿಗೆ ಇಳಿಯುವ ಮೊದಲು ಗಾಡಿಗೆ ಒಂದಿಷ್ಟು ಓಟ ಬೇಕು, ನಿಜ. ಅದೇ ಓಟವನ್ನು ಹದವಾಗಿ ಉಳಿಸಿಕೊಂಡು ದಾಟಬೇಕು. ಆದರೆ ಅದು ಗಾಡಿ ಚಲಿಸುತ್ತಿರುವಾಗಿನ ಮಾತು. ನಿಂತ ಮೇಲೆ ಓಟ ಎಲ್ಲಿಂದ ಬರಬೇಕು? ಆಗ ಆಕ್ಸಿಲರೇಟರ್ ಒತ್ತಿದರೆ ಓಡುವುದು ಚಕ್ರ, ಗಾಡಿಯಲ್ಲ.

ಸುಮ್ಮನೆ ತಿರುಗುವ ಟೈರಿಗೆ ಹಿಡಿತ ಕಡಿಮೆ. ಮರಳಲ್ಲಿ ಅದು ಸಲಿಕೆಯ ಕೆಲಸ ಮಾಡುತ್ತದೆ: ಅಡಿಯಿಂದ ಬಗೆದು ಹಿಂದಕ್ಕೆ ಎಸೆಯುತ್ತದೆ, ತಾನು ಕೆಳಗಿಳಿಯುತ್ತದೆ. ಜಿಗುಟು ಕೆಸರಲ್ಲಿ ಸಿಕ್ಕಿಕೊಂಡ ಟೈರನ್ನು ಒಮ್ಮೆ ಬಗ್ಗಿ ನೋಡಿ. ಅದರ ಗೆರೆಗಳೇ ಕಾಣುವುದಿಲ್ಲ. ಮಣ್ಣು ತುಂಬಿಕೊಂಡು ಬೋಳಾಗಿರುತ್ತದೆ, ಬೆರಳಿಟ್ಟರೆ ಜಾರುತ್ತದೆ. ಇನ್ನೂ ಒತ್ತಿದರೆ ಚಕ್ರ ಅರ್ಧ ಮುಳುಗುತ್ತದೆ, ಆಮೇಲೆ ಗಾಡಿಯ ಹೊಟ್ಟೆ ನೆಲಕ್ಕೆ ತಾಗುತ್ತದೆ. ಅಲ್ಲಿಗೆ ಭಾರ ಹೊಟ್ಟೆಯ ಮೇಲೆ ಕೂತಿತು. ಚಕ್ರದ ಮೇಲೆ ಭಾರವೇ ಇಲ್ಲದಿದ್ದರೆ ಹಿಡಿತ ಎಲ್ಲಿಂದ ಬರಬೇಕು?

"ನಾಲ್ಕೂ ಚಕ್ರ ಎಳೆಯುತ್ತಲ್ವಾ?" ಅನ್ನುತ್ತೀರಿ. ಇಂಜಿನ್ನಿನ ಬಲವನ್ನು ಎಡ, ಬಲ ಚಕ್ರಗಳಿಗೆ ಹಂಚುವ ಗೇರುಗಳ ಜೋಡಣೆಗೆ ಡಿಫರೆನ್ಶಿಯಲ್ ಅನ್ನುತ್ತಾರೆ. ಸಾಮಾನ್ಯ ಡಿಫರೆನ್ಶಿಯಲ್ ಎರಡು ಬದಿಯ ಚಕ್ರಕ್ಕೂ ಒಂದೇ ಸಮ ಬಲ ಕೊಡುತ್ತದೆ. ಒಂದು ಚಕ್ರ ಜಾರಿದರೆ, ಅದನ್ನು ತಿರುಗಿಸಲು ಬೇಕಾದ ಆ ಚೂರು ಬಲವಷ್ಟೇ ಇನ್ನೊಂದಕ್ಕೂ ಸಿಗುವುದು. ಮುಂದಿನದೊಂದು, ಹಿಂದಿನದೊಂದು ಜಾರಿದರೆ ಸಾಕು, ಫೋರ್ ಬೈ ಫೋರ್ ಕೂಡ ಅಲ್ಲೇ ನಿಲ್ಲುತ್ತದೆ. ಎರಡೂ ಬದಿಯ ಚಕ್ರ ಒಟ್ಟಿಗೇ ತಿರುಗುವಂತೆ ಬಿಗಿಯುವ ಡಿಫರೆನ್ಶಿಯಲ್ ಲಾಕ್ ಇರುವುದು ಇದಕ್ಕೇ.

ಕಲಿಯಲು ಬಂದವರಿಗೆ ನಾನು ಮೊದಲು ಕಲಿಸುವುದು ಗಾಡಿ ಓಡಿಸುವುದನ್ನಲ್ಲ, ಕಾಲು ತೆಗೆಯುವುದನ್ನು. ಒಬ್ಬ ಹುಡುಗಿ ಮೂರನೇ ದಿನ, ನಾನು ಬಾಯಿ ಬಿಡುವ ಮೊದಲೇ, ಗಾಡಿ ತಡವರಿಸಿದ ಕ್ಷಣದಲ್ಲಿ ಕಾಲು ತೆಗೆದು, ಬಂದ ಜಾಡಲ್ಲೇ ಹಿಂದಕ್ಕೆ ತೆಗೆದಳು. ಎಷ್ಟು ಖುಷಿಯಾಯಿತು ಗೊತ್ತಾ! ಬಂದ ಜಾಡಿನ ಮರಳು ಆಗಲೇ ಒತ್ತಿಕೊಂಡಿರುತ್ತದೆ, ಹೊಸ ಮರಳಿಗಿಂತ ಗಟ್ಟಿ.

ಹಿಂದಕ್ಕೂ ಬರದಿದ್ದರೆ ಇಳಿಯಿರಿ. ಹೊಟ್ಟೆಯ ಅಡಿಯ ಮರಳು ಬಿಡಿಸಿ. ಹೊರಡುವ ದಿಕ್ಕಿನಲ್ಲಿ ಪ್ರತಿ ಟೈರಿನ ಎದುರು ಇಳಿಜಾರಾಗಿ ಅಗೆಯಿರಿ. ಸ್ಟೀರಿಂಗ್ ನೇರ ಇರಲಿ. ಟೈರಿನ ಗಾಳಿ 18 ಪಿಎಸ್‌ಐ ಆಸುಪಾಸಿಗೆ ಇಳಿಸಿದರೆ ಟೈರ್ ನೆಲಕ್ಕೆ ತಾಗುವ ಜಾಗ ಉದ್ದವಾಗುತ್ತದೆ, ಭಾರ ಹರಡುತ್ತದೆ. ಆಮೇಲೆ ಲೋ ರೇಂಜ್ (ವೇಗ ತಗ್ಗಿಸಿ ಎಳೆಯುವ ಬಲ ಹೆಚ್ಚಿಸುವ, ಫೋರ್ ಬೈ ಫೋರ್ ಗಾಡಿಯ ಹೆಚ್ಚುವರಿ ಗೇರ್), ಎರಡನೇ ಗೇರ್, ಮೆತ್ತಗೆ ಕ್ಲಚ್. ಗಾಳಿ ಕಡಿಮೆ ಇರುವಾಗ ವೇಗ ಬೇಡ, ಗಕ್ಕನೆ ತಿರುಗಿಸುವುದೂ ಬೇಡ, ಟೈರ್ ರಿಮ್ಮಿನಿಂದ ಕಳಚಬಹುದು. ಟಾರು ರಸ್ತೆಗೆ ಹತ್ತುವ ಮೊದಲು ಮತ್ತೆ ತುಂಬಿಸಿ.

ಇನ್ನೊಂದು ವಿಷಯ. ಯಾರೂ ಕೇಳಿಲ್ಲ, ಆದರೆ ನನಗೆ ಜಾಸ್ತಿ ಭಯ ಇರುವುದು ಇದರದ್ದೇ. ಇನ್ನೊಂದು ಗಾಡಿಯಿಂದ ಎಳೆಸುವಾಗ ಹಗ್ಗವನ್ನು ಟೋ ಬಾಲ್‌ಗೆ ಕಟ್ಟಲೇಬೇಡಿ. ಆ ಕಬ್ಬಿಣದ ಗುಂಡು ಟ್ರೇಲರ್ ಎಳೆಯಲು ಮಾಡಿದ್ದು, ಹೂತ ಗಾಡಿಯನ್ನು ಜಗ್ಗುವ ಹೊಡೆತಕ್ಕಲ್ಲ. ಮುರಿದರೆ ಬಿಗಿದ ಹಗ್ಗ ಅದನ್ನು ಕಲ್ಲಿನಂತೆ ಬೀಸುತ್ತದೆ, ಗಾಜು ಒಡೆದು ಒಳಗಿದ್ದವರಿಗೆ ಬಡಿಯುತ್ತದೆ. ಹೀಗೆ ಜನ ಸತ್ತಿದ್ದಾರೆ. ಚಾಸಿಗೆ ಗಟ್ಟಿಯಾಗಿ ಕೂರಿಸಿದ, ಎಳೆಯಲೆಂದೇ ಮಾಡಿದ ಕೊಕ್ಕೆಗೇ ಕಟ್ಟಿ. ಹಗ್ಗದ ನಡುವೆ ಒದ್ದೆ ಕಂಬಳಿ ಹೊದಿಸಿ. ನೋಡುವವರು ಹಗ್ಗದ ಉದ್ದಕ್ಕಿಂತ ಒಂದೂವರೆ ಪಟ್ಟು ದೂರ, ಪಕ್ಕಕ್ಕೆ ನಿಲ್ಲಲಿ. ಫೋನ್ ಹಿಡಿದು ವಿಡಿಯೊ ತೆಗೆಯುವವರೂ ಅಷ್ಟೇ ದೂರ.