ಬೈಸನ್ ಕುಲ ಉಳಿಸಿದ ತಬ್ಬಲಿ ಕರುಗಳು

2022ರ ಸೆಪ್ಟೆಂಬರ್‌ನಲ್ಲಿ ಇಂಗ್ಲೆಂಡಿನ ಕೆಂಟ್ ಪ್ರದೇಶದ ಬ್ಲೀನ್ ಕಾಡಿನಲ್ಲಿ ಒಂದು ಬೈಸನ್ ಕರು ಹಾಕಿತು. ಬೈಸನ್ ಅಂದರೆ ದನದ ನೆಂಟಸ್ತಿಕೆಯ, ಡುಬ್ಬವಿರುವ ದೊಡ್ಡ ಕಾಡುಪ್ರಾಣಿ. ಅದು ಗಬ್ಬವಾಗಿದೆ ಎಂದು ನೋಡಿಕೊಳ್ಳುವವರಿಗೇ ಗೊತ್ತಿರಲಿಲ್ಲ! ಬೇಟೆಯಾಡುವ ಪ್ರಾಣಿಗಳಿಗೆ ಸುಳಿವು ಸಿಗದಂತೆ ಬೈಸನ್‌ಗಳು ಗಬ್ಬವನ್ನು ಅಷ್ಟು ಚೆನ್ನಾಗಿ ಮುಚ್ಚಿಡುತ್ತವೆ. ಎರಡು ತಿಂಗಳ ಹಿಂದಷ್ಟೇ ಮೂರು ಹೆಣ್ಣುಗಳನ್ನು ಆ ಕಾಡಿಗೆ ಬಿಟ್ಟಿದ್ದರು. ಒಂದು ಕರುವಿಗೆ ಅಷ್ಟೊಂದು ಸಂಭ್ರಮ ಯಾಕೆ ಅನ್ನಿಸಬಹುದು, ಅಲ್ವಾ? ಈ ಕುಲ ಉಳಿದದ್ದೇ ಕರುಗಳಿಂದ.

ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳೋಣ. ಕಾಟಿಯನ್ನು 'ಇಂಡಿಯನ್ ಬೈಸನ್' ಅನ್ನುತ್ತಾರೆ, ಅಮೆರಿಕದವರು ಬೈಸನ್ನನ್ನು 'ಬಫಲೋ' ಅನ್ನುತ್ತಾರೆ. ಕಾಟಿ ಬೈಸನ್ ಅಲ್ಲ, ಬೈಸನ್ ಎಮ್ಮೆಯೂ ಅಲ್ಲ. ಈಗ ಉಳಿದಿರುವುದು ಎರಡೇ ಬಗೆಯ ಬೈಸನ್: ಅಮೆರಿಕದ್ದು ಮತ್ತು ಯೂರೋಪಿನದು. ಅಮೆರಿಕದ್ದರಲ್ಲಿ ಮತ್ತೆ ಬಯಲಿನದು, ಕಾಡಿನದು ಎಂಬ ಎರಡು ಒಳಬಗೆಗಳಿವೆ. ಇವುಗಳಿಗೆ ತೀರಾ ಹತ್ತಿರದ ನೆಂಟ ಯಾಕ್. ಯೂರೋಪಿನ ಬೈಸನ್ನಿನ ಕಥೆ ಇನ್ನೂ ಸೋಜಿಗದ್ದು. ತಂದೆಯ ಕಡೆಯ ಡಿಎನ್‌ಎ ಅಮೆರಿಕದ ಬೈಸನ್ನಿಗೆ ಹತ್ತಿರ, ತಾಯಿಯ ಕಡೆಯದು ದನಗಳಿಗೆ ಹತ್ತಿರ.

ಉತ್ತರ ಅಮೆರಿಕದಲ್ಲಿ ಒಂದು ಕಾಲಕ್ಕೆ ಕೋಟಿಗಟ್ಟಲೆ ಬೈಸನ್‌ಗಳಿದ್ದವು. 1870ರ ದಶಕದಲ್ಲಿ ಚರ್ಮದ ವ್ಯಾಪಾರ ಜಾಸ್ತಿಯಾಯಿತು. ಕಾರ್ಖಾನೆ ಯಂತ್ರಗಳ ಬೆಲ್ಟಿಗೆ ಆ ಚರ್ಮ ಬೇಕಿತ್ತು, ಸಾಗಿಸಲು ರೈಲು ಬಂದಿತ್ತು. ಬಯಲಿನ ಮೂಲನಿವಾಸಿಗಳ ಅನ್ನ ಕಿತ್ತುಕೊಂಡರೆ ಅವರು ಮಣಿಯುತ್ತಾರೆ ಎಂದು ಸೇನೆಯ ಅಧಿಕಾರಿಗಳೂ ಈ ಬೇಟೆಗೆ ಕುಮ್ಮಕ್ಕು ಕೊಟ್ಟರು. ಓದುವಾಗ ಹೊಟ್ಟೆ ಉರಿಯುತ್ತದೆ. 1889ರ ಹೊತ್ತಿಗೆ ಉಳಿದದ್ದು ಸುಮಾರು ಒಂದು ಸಾವಿರ ಮಾತ್ರ.

ಬೇಟೆಗಾರರು ತಾಯಂದಿರನ್ನು ಕೊಂದು ಕರುಗಳನ್ನು ಅಲ್ಲೇ ಬಿಟ್ಟು ಹೋಗುತ್ತಿದ್ದರು. ಟೆಕ್ಸಾಸ್‌ನ ಮೇರಿ ಆನ್ ಗುಡ್‌ನೈಟ್ ಅವರಿಗೆ ಇದನ್ನು ನೋಡಲಾಗಲಿಲ್ಲ. ಅವರ ಒತ್ತಾಯಕ್ಕೆ ಗಂಡ ಚಾರ್ಲ್ಸ್ 1878ರಲ್ಲಿ ಕೆಲವು ಕರುಗಳನ್ನು ಹಿಡಿದು ತಂದರು. ಅವುಗಳ ಸಂತತಿ ಇಂದಿಗೂ ಅದೇ ರಾಜ್ಯದ ಕ್ಯಾಪ್ರಾಕ್ ಕ್ಯಾನ್ಯನ್ಸ್ ಉದ್ಯಾನದಲ್ಲಿ ಮೇಯುತ್ತಿದೆ. ಇಂಥ ಬೆರಳೆಣಿಕೆಯ ಸಾಕು ಹಿಂಡುಗಳೇ ಮುಂದಿನ ಹಿಂಡುಗಳಿಗೆ ಬೇರು. ಆದರೆ ಕೆಲವರು ಅವನ್ನು ದನಗಳ ಜೊತೆ ಕೂಡಿಸಿ ಮಿಶ್ರತಳಿಯನ್ನೂ ಮಾಡಿದರು. 2022ರ ಒಂದು ಜೀನೋಮ್ ಅಧ್ಯಯನ, ತಾನು ಪರೀಕ್ಷಿಸಿದ ಎಲ್ಲ ಹಿಂಡುಗಳಲ್ಲೂ ದನದ ವಂಶವಾಹಿಯ ಅಂಶ ಇದೆ ಎಂದಿತು. ನನಗಂತೂ ಇದು ಕಳಂಕ ಅನ್ನಿಸುವುದಿಲ್ಲ. ಬದುಕಿ ಉಳಿದದ್ದರ ಗುರುತು ಅದು.

ಯೂರೋಪಿನಲ್ಲಿ ಸ್ಥಿತಿ ಇನ್ನೂ ಕೆಟ್ಟಿತ್ತು. ಕಾಡಿನ ಕೊನೆಯ ಬೈಸನ್ 1927ರಲ್ಲಿ ಕಾಕಸಸ್‌ನಲ್ಲಿ ಸತ್ತಿತು. ಮೃಗಾಲಯಗಳಲ್ಲಿ ಅರುವತ್ತು ಕೂಡ ಇರಲಿಲ್ಲ. ಇಂದಿನ ಎಲ್ಲ ಯೂರೋಪಿಯನ್ ಬೈಸನ್‌ಗಳೂ ಕೇವಲ ಹನ್ನೆರಡು ಪ್ರಾಣಿಗಳ ಸಂತತಿ. ಅದಕ್ಕೇ ವಂಶಾವಳಿಯ ಪುಸ್ತಕ ಇಟ್ಟು, ಕರುಗಳ ಲೆಕ್ಕ ಬರೆಯುತ್ತ ಬಂದರು. 1952ರಲ್ಲಿ ಪೋಲೆಂಡಿನ ಬಿಯಾವೊವಿಯೆಜಾ ಕಾಡಿಗೆ ಅವು ಮರಳಿದವು. 2019ರ ಹೊತ್ತಿಗೆ ಕಾಡಿನಲ್ಲಿರುವ ಸಂಖ್ಯೆ 6,200 ದಾಟಿತ್ತು.

ಒಂಬತ್ತು ತಿಂಗಳು ಹೊತ್ತು ತಾಯಿ ಸಾಮಾನ್ಯವಾಗಿ ಒಂದೇ ಕರು ಹಾಕುತ್ತದೆ. ಅಮೆರಿಕದ ಬೈಸನ್ನಿನ ಕರು ಹುಟ್ಟುವಾಗ ಕಿತ್ತಳೆಗೆಂಪು. ಕೆಲವು ತಿಂಗಳಲ್ಲಿ ಬಣ್ಣ ಗಾಢ ಕಂದಾಗುತ್ತದೆ, ಕೊಂಬು ಮತ್ತು ಡುಬ್ಬ ಮೂಡುತ್ತವೆ. ಮುದ್ದಾಗಿದೆ ಎಂದು ಸುಮ್ನೆ ಕೈ ಹಾಕಬಾರದು. 2023ರಲ್ಲಿ ಅಮೆರಿಕದ ಯೆಲ್ಲೋಸ್ಟೋನ್ ಉದ್ಯಾನದಲ್ಲಿ ನದಿ ದಾಟುವಾಗ ಹಿಂದುಳಿದ ಕರುವನ್ನು ಪ್ರವಾಸಿಯೊಬ್ಬರು ದಡಕ್ಕೆ ತಳ್ಳಿದರು. ಹಿಂಡು ಅದನ್ನು ಮತ್ತೆ ಸೇರಿಸಿಕೊಳ್ಳಲಿಲ್ಲ. ಕೊನೆಗೆ ಅದಕ್ಕೆ ದಯಾಮರಣ ಕೊಡಬೇಕಾಯಿತು.

ಕೆನಡಾದ ಬ್ಯಾನ್ಫ್ ಉದ್ಯಾನಕ್ಕೆ 2017ರಲ್ಲಿ ಹದಿನಾರು ಬೈಸನ್‌ಗಳನ್ನು ತಂದು, ಮೊದಲು ಬೇಲಿಯೊಳಗೆ ಇಟ್ಟರು. ಅವುಗಳಲ್ಲಿ ಹತ್ತು ಹೆಣ್ಣುಗಳು ಗಬ್ಬವಾಗಿದ್ದವು. ಅದೇ ವಸಂತದಲ್ಲಿ ಹತ್ತೂ ಕರು ಹಾಕಿದವು. ಮರುವರ್ಷ ಬೇಲಿ ತೆರೆದಾಗ, ಬೆಟ್ಟದ ಆ ಕಣಿವೆಯನ್ನು ಹುಟ್ಟೂರು ಎಂದು ಬಲ್ಲ ಕರುಗಳೂ ಹಿಂಡಿನ ಜೊತೆ ಹೊರಗೆ ನಡೆದವು.